ದೂರದ ಸಂಬಂಧ

ಇಡೀ ಎಸ್ಟೋನಿಯಾದಲ್ಲಿ ನಾವು ಹತ್ತೊಂಬತ್ತು ಮಂದಿ.
ಫೋನ್ ಪುಸ್ತಕ ಹಿಡಿದು ಎಣಿಸಿದ್ದೇನೆ, ಊಟದ ಬಿಡುವಿನಲ್ಲಿ,
ಪೈದೆ ಪಟ್ಟಣದ ಅಂಚೆ ಕಚೇರಿಯ ಎರಡನೇ ಕಿಟಕಿಯ ಹಿಂದೆ ಕೂತು.
ಎದೆಯ ಮೇಲೆ ತಗಡಿನ ಬಿಲ್ಲೆ: ಹೆಲ್ವೆ ರ‍್ಯಾಸ್ತಸ್.

ರ‍್ಯಾಸ್ತಸ್ ಅಂದರೆ ಸೂರಂಚು. ಹಿಮ ಕರಗಿ ತೊಟ್ಟಿಕ್ಕುವ ಜಾಗ.
ಮೊದಲ ಸ್ವರವನ್ನು ಎಳೆದೇ ಹೇಳಬೇಕು.
ಎಳೆಯದೆ ನುಂಗಿದಿರೋ, ಅದು ಹಕ್ಕಿ,
ಎದೆ ತುಂಬ ಚುಕ್ಕೆ ಇಟ್ಟುಕೊಂಡು ಸಂಜೆ ಹಾಡುವ ಒಂದು ಹಕ್ಕಿ.
ಒಂದು ಮಾತ್ರೆಯ ಲೆಕ್ಕ ಅಷ್ಟೆ: ಲಘುವಾದರೆ ಹಾರುತ್ತದೆ,
ಗುರುವಾದರೆ ಮನೆಗೆ ಅಂಟಿಕೊಳ್ಳುತ್ತದೆ.

ಜೀತ ಬಿಡಿಸಿದ ಮೇಲೆ ಜರ್ಮನ್ ದೊರೆಯ ಗುಮಾಸ್ತ
ಆಳುಗಳನ್ನು ಸಾಲಾಗಿ ನಿಲ್ಲಿಸಿ ಮನೆಹೆಸರು ಹಂಚಿದನಂತೆ.
ಕಲ್ಲು, ತೋಳ, ಬೆಟ್ಟ, ಗಾಳಿ,
ಒಳ್ಳೆಯವೆಲ್ಲ ಮುಗಿಯುತ್ತ ಬಂದಾಗ ನಮ್ಮವನ ಸರದಿ.
ಮಳೆ ಬರುತ್ತಿತ್ತು, ಅವನು ಸೂರಿನ ಕೆಳಗೆ ನಿಂತಿದ್ದ.
ಇಲ್ಲವೇ, ಗುಮಾಸ್ತ ಹಕ್ಕಿ ಅಂತಲೇ ಬರೆಯಹೊರಟು
ಲೇಖನಿ ತಡವರಿಸಿ ಒಂದಕ್ಷರ ಹೆಚ್ಚಾಯಿತು.
ನನ್ನ ಅಪ್ಪ ಎರಡನ್ನೂ ನಂಬುತ್ತಿದ್ದ. ಕುಡಿದಾಗ, ಎರಡನೆಯದನ್ನು.

"ಓಟಗಾರನಿಗೆ ನೀವೇನಾಗಬೇಕು?"
ವಾರಕ್ಕೊಬ್ಬರಾದರೂ ಬಿಲ್ಲೆ ನೋಡಿ ಕೇಳುತ್ತಾರೆ.
ಎವಾಲ್ಡ್ ರ‍್ಯಾಸ್ತಸ್, ಹತ್ತು ಸಾವಿರ ಮೀಟರು, ನಾಲ್ಕನೇ ಸ್ಥಾನ.
ಸಣ್ಣ ದೇಶ ನಮ್ಮದು, ನಾಲ್ಕನೆಯವನನ್ನು ಮರೆಯುವಷ್ಟು ಅನುಕೂಲಸ್ಥರಲ್ಲ.
ರೇಡಿಯೋದವನು ಆವತ್ತು ಉದ್ವೇಗದಲ್ಲಿ ಸ್ವರ ನುಂಗಿ
ಕೊನೆಯ ಸುತ್ತು ಪೂರ್ತಿ ಹಕ್ಕಿಯನ್ನೇ ಓಡಿಸಿದ.

ಕೆಲವರಿಗೆ ಸಲ್ಮೆ ರ‍್ಯಾಸ್ತಸ್ ಗೊತ್ತು.
ನಲವತ್ತು ವರ್ಷ ರಬ್ಬರ್ ಬೂಟು ತೊಟ್ಟು
ಜೌಗು ನೆಲದಲ್ಲಿ ಬಗ್ಗಿಕೊಂಡೇ ನಡೆದವಳು.
ಉಗುರಿನಷ್ಟೂ ಇಲ್ಲದ ಒಂದು ಪಾಚಿಗೆ ಅವಳ ಹೆಸರಿದೆ,
ಲ್ಯಾಟಿನ್ನಿನಲ್ಲಿ, ಬಾಲ ಹಚ್ಚಿಸಿಕೊಂಡು.
ಶಾಲೆಯ ಟೀಚರೊಬ್ಬರು ಅದನ್ನು ಬೆಂಕಿಪೊಟ್ಟಣದಲ್ಲಿ ತಂದು
ಗಾಜಿನ ತೂತಿನೊಳಗಿಂದ ದಾಟಿಸಿದರು, ನನಗೇ ಸೇರಬೇಕಾದ ಪಾರ್ಸೆಲ್ಲಿನಂತೆ.

"ದೂರದ ಸಂಬಂಧ" ಅನ್ನುತ್ತೇನೆ.
ಸುಳ್ಳು. ಎವಾಲ್ಡನ ಮುತ್ತಾತ ದ್ವೀಪದವನು,
ಅಲ್ಲಿ ಬೇರೆ ದೊರೆ, ಬೇರೆ ಗುಮಾಸ್ತ, ಬೇರೆ ಮಳೆ.
ಸಲ್ಮೆಗೆ ಅದು ಗಂಡನಿಂದ ಬಂದದ್ದು.
ಆದರೆ ಹಾಗಂದಾಗ ಜನರ ಮುಖ ಅರಳುತ್ತದೆ,
ಹಲ್ಲಿನ ಡಾಕ್ಟರು ಒಮ್ಮೆ ಸರದಿ ತಪ್ಪಿಸಿ ಒಳಗೆ ಕರೆದರು.
ಇಪ್ಪತ್ತೆರಡು ವರ್ಷ, ಓಡದೆ, ಬಗ್ಗದೆ,
ಕೂತಲ್ಲೇ ಕೂತು ಉಂಡಿದ್ದೇನೆ ಈ ಹೆಸರಿನ ಬಡ್ಡಿ.

ಮಾರ್ಚ್ ಇಪ್ಪತ್ತೈದು. ರೈಲಿನ ಡಬ್ಬಿಗಳಲ್ಲಿ ತುಂಬಿ
ಸೈಬೀರಿಯಕ್ಕೆ ಕಳಿಸಿದವರ ನೆನಪಿಗೆ
ಸಂಜೆ ಕಿಟಕಿ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚುವ ದಿನ.
ಬೂದು ಶಾಲಿನ ಮುದುಕಿ, ಕೈಯಲ್ಲಿ ಒಂದೇ ಕಾಗದ,
ನನ್ನ ಬಿಲ್ಲೆ ಓದಿದಳು, ತುಟಿ ಅಲುಗಿತು,
ಪಕ್ಕದ ಕಿಟಕಿಗೆ ಸರಿದು ನಿಂತಳು.
ಅಲ್ಲಿ ಯಾರೂ ಇರಲಿಲ್ಲ. ತಿಂಗಳಿಂದ ಮುಚ್ಚಿತ್ತು.
ಅವಳು ನಿಂತೇ ಇದ್ದಳು.
ಗೋಡೆಯ ಗಡಿಯಾರದಲ್ಲಿ ಆರು ನಿಮಿಷ.

"ಇಲ್ಲಿಗೇ ಬನ್ನಿ" ಅಂದೆ.
ಬಂದಳು.
"ಪಟ್ಟಿಗೆ ಸಹಿ ಹಾಕಿದ ರ‍್ಯಾಸ್ತಸ್ ಇದ್ದನಲ್ಲ,
ಅವನಿಗೆ ನೀವೇನಾಗಬೇಕು?"

ಸ್ವರವನ್ನು ಎಷ್ಟು ಬೇಕೋ ಅಷ್ಟೇ ಎಳೆದಳು.
ನನ್ನ ಹೆಸರನ್ನು ಅಷ್ಟು ಸರಿಯಾಗಿ ಯಾರೂ ಹೇಳಿದ್ದಿಲ್ಲ.
ನಡುರಾತ್ರಿ ಅಡುಗೆಮನೆಯಲ್ಲಿ ಯಾರೋ ಕಾಗದ ನೋಡಿ ಓದಿದ್ದನ್ನು
ಎಂಟು ವರ್ಷದ ಹುಡುಗಿಯೊಬ್ಬಳು ಒಂದೇ ಸಲ ಕೇಳಿ
ಹಾಗೇ ಇಟ್ಟುಕೊಂಡಿದ್ದಳು.

ಏನೂ ಆಗಬೇಕಿಲ್ಲ. ಅದು ನಿಜ.
ನಾಲಗೆಯ ತುದಿಯವರೆಗೂ ಬಂತು.
ಬೆಂಕಿಪೊಟ್ಟಣ ನನ್ನ ಮೇಜಿನ ಖಾನೆಯಲ್ಲೇ ಇತ್ತು,
ಒಳಗೆ ಪಾಚಿ, ಒಣಗಿ ಪುಡಿಯಾಗಿ.

"ದೂರದ ಸಂಬಂಧ" ಅಂದೆ.

ಅವಳು ತಲೆಯಾಡಿಸಿದಳು, ತೂಕ ಸರಿಯಿದೆ ಎಂಬಂತೆ.
ಚಿಲ್ಲರೆ ಎಣಿಸಿ ಇಟ್ಟಳು. ಚೀಟಿಯನ್ನು ತಾನೇ ನೆಕ್ಕಿ ಅಂಟಿಸಿದಳು.
ಎಷ್ಟು ಹಗುರವಾಗಿ ಒತ್ತಿದರೂ ಮುದ್ರೆ ಸದ್ದು ಮಾಡಿತು.
ಬಾಗಿಲಲ್ಲಿ ಒಂದು ಕ್ಷಣ ನಿಂತು,
ಸೂರಿನ ಹನಿಗಳ ನಡುವೆ ಬಿಡುವು ನೋಡಿ,
ಬೀದಿಗಿಳಿದಳು.