ತೂಕದ ಮನೆ

ಇಜೆನ್ ಬೆಟ್ಟದ ನಡುದಾರಿಯಲ್ಲಿ, ಡಚ್ಚರು ಕಟ್ಟಿ ಬಿಟ್ಟುಹೋದ
ದುಂಡು ಗೋಡೆಯ ಪಕ್ಕ, ತಗಡಿನ ಚಪ್ಪರದಡಿ
ಇಪ್ಪತ್ತಾರು ವರ್ಷ ಗಂಧಕ ತೂಗಿದವನು ಸರೆಂಗಟ್.
ಬುಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸುವ ಮೊದಲೇ
ಚೀಟಿಯಲ್ಲಿ ಬರೆದಾಗಿರುತ್ತಿತ್ತು:
ಎಪ್ಪತ್ತೊಂದು. ಅರವತ್ತನಾಲ್ಕು. ಎಂಬತ್ತು, ಹುಚ್ಚು ನನ್ಮಗ.
ಮಂಜಿನೊಳಗಿಂದ ಆಳು ಕಾಣುವ ಮುನ್ನ
ಬಿದಿರಿನ ಅಡ್ಡೆ ಕಿರ್ರೆನ್ನುವುದು ಕೇಳುತ್ತದೆ;
ಹೊರೆ ಹೆಚ್ಚಿದಷ್ಟೂ ಕಿರ್ರು ನಿಧಾನ.
ತಕ್ಕಡಿಯ ಮುಳ್ಳು ಕಂಪನಿಯವರಿಗೆ, ಎನ್ನುತ್ತಿದ್ದ,
ನನಗೆ ಕಿವಿ ಸಾಕು.

ಮಗಳು ವಿಲುಜೆಂಗ್ ಬಾಂಡುಂಗಿನಿಂದ ರಜೆಗೆ ಬಂದಿದ್ದಾಳೆ.
ಕರಿದ ಬಾಳೆಹಣ್ಣಿನ ತಟ್ಟೆ ಸರಿಸಿ
ಲ್ಯಾಪ್‌ಟಾಪ್ ತೆರೆದು ತೋರಿಸುತ್ತಾಳೆ: ಇದು ಅಯೋ.
ನನ್ನ ಭಾಷೆಯಲ್ಲಿ ಆ ಹೆಸರು ಕೂಗಿದರೆ
ಪಕ್ಕದ ಮನೆಯವರು ಓಡಿ ಬರುತ್ತಾರೆ.

ಗುರುವಿನ ಮಗ್ಗುಲಿನ ಚಂದ್ರ. ಮೈತುಂಬ ಬಾಯಿ.
ನಮ್ಮ ಗಂಧಕವೇ ಅಪ್ಪ, ಅದೇ ಹಳದಿ, ಅದೇ ಘಾಟು,
ಮೂಸಲು ಮೂಗಿಲ್ಲ ಅಷ್ಟೆ.
ಉಗುಳಿದ್ದರಲ್ಲಿ ಹೆಚ್ಚಿನದು ಹಿಮವಾಗಿ ವಾಪಸ್ ಬೀಳುತ್ತೆ.
ಒಂದಿಷ್ಟು ಬೀಳಲ್ಲ.
ತೆಳ್ಳಗೆ ಮೇಲೆದ್ದ ಕಣ
ಯಾವುದೋ ಡಿಕ್ಕಿಯಲ್ಲಿ ಎಲೆಕ್ಟ್ರಾನ್ ಕಳಕೊಂಡ ಗಳಿಗೆ,
ಅದುವರೆಗೆ ಅದರ ಗೊಡವೆಗೇ ಬಾರದಿದ್ದ ಗುರುವಿನ ಕಾಂತಕ್ಷೇತ್ರ
ಹಿಂದಿನಿಂದ ಬಂದು ರಟ್ಟೆ ಹಿಡಿಯುತ್ತೆ.
ಹಿಡಿದು ಗಿರಗಿರ ತಿರುಗಿಸುತ್ತೆ, ತಿರುಗಿಸುತ್ತಲೇ ಒಯ್ಯುತ್ತೆ.
ಹಾಗೆ ತಿರುಗುವವು ಒಟ್ಟುಗೂಡಿದಾಗ ಪ್ಲಾಸ್ಮಾದಲ್ಲಿ ಅಲೆ ಏಳುತ್ತೆ,
ಎರಡೂವರೆ ಸೆಕೆಂಡಿಗೆ ಒಂದು ತೂಗು.
ಹಗುರದ್ದು ಹೊರಟರೆ ಬೇಗ ಬೇಗ; ಭಾರದ್ದು ತಡೆದು ತಡೆದು.
ಕೈಚಾಚಿ ಹಿಡಿಯಬೇಕಿಲ್ಲ,
ಅಲೆ ಎಣಿಸಿದರೆ ಸಾಕು, ಹೋದವರು ಯಾರೆಂದು ತಿಳಿಯುತ್ತೆ.
ಇದು ಅರವತ್ತನಾಲ್ಕರದ್ದು.

ಎಪ್ಪತ್ತೊಂದರದ್ದು ಇಲ್ವಾ, ಕೇಳಿದ ಸರೆಂಗಟ್.
ಆ ತೂಕದ್ದು ಅಲ್ಲಿಲ್ಲ ಅಪ್ಪ.
ಪೊನಿದಿ ಎಪ್ಪತ್ತೊಂದು ಹೊರುತ್ತಿದ್ದ,
ಹೋದ ಮಳೆಗಾಲದ ತನಕ.

ಲವಂಗದ ಸಿಗರೇಟು ಆರಿಸಿದ.
ದಿನಕ್ಕೆ ಎಷ್ಟು ಇಳಿಯುತ್ತೆ?
ದಿನಕ್ಕಲ್ಲ, ಸೆಕೆಂಡಿಗೆ. ಹೆಚ್ಚುಕಡಿಮೆ ಒಂದು ಟನ್.
ಅವನು ಬೆರಳು ಮಡಚಿದ. ಹದಿನಾಲ್ಕು ಆಳು.
ಪ್ರತಿ ಸೆಕೆಂಡಿಗೂ ಹದಿನಾಲ್ಕು ಆಳು,
ಒದ್ದೆ ಬಟ್ಟೆ ಹಲ್ಲಲ್ಲಿ ಕಚ್ಚಿ,
ಒಬ್ಬನೂ ಹಿಂದಿರುಗದೆ.
ಕಿಲೋಗೆ ಏನು ಕೊಡ್ತಾರೆ?
ಮಗಳು ನಕ್ಕಳು. ಅವನು ನಗಲಿಲ್ಲ.
ಹೀಗೇ ಹೋದರೆ ಖಾಲಿಯಾಗಲ್ವಾ ಅದು?
ಸೂರ್ಯ ಆರಿಹೋಗೋವರೆಗೂ ಸಾಲುತ್ತೆ.
ಬೆಟ್ಟಕ್ಕೇನು, ಅಂದ.

ತೆರೆಯ ಮೇಲೆ ಅಲೆ ಏರಿಳಿಯುತ್ತ ಹೋಗುತ್ತಿತ್ತು.
ನಡುವೆ ಒಂದು ಕಡೆ ಸಣ್ಣಗಾಗಿ, ತೊದಲಿ,
ಮತ್ತೆ ಲಯ ಹಿಡಿದ ಜಾಗ.
ವಿಲುಜೆಂಗ್ ಅದಕ್ಕೆ ಬೂದು ಬಳಿದು
ಗದ್ದಲ, ಲೆಕ್ಕಕ್ಕಿಲ್ಲ, ಎಂದು ಬರೆದಿಟ್ಟಿದ್ದಳು.
ಅಪ್ಪ ಕನ್ನಡಕ ಹಣೆಗೇರಿಸಿ
ಹಳದಿಗಟ್ಟಿದ ಉಗುರನ್ನು ಅಲ್ಲೇ ಊರಿದ:
ಇಲ್ಲೇನೂ ಕೆಟ್ಟಿಲ್ಲ ಮಗಾ.
ಇಲ್ಲಿ ಅವನು ಭುಜ ಬದಲಿಸಿದ್ದಾನೆ.