ಖಾನೆ

ಇನಾಯತ್ ಸಾಬರು ಆಟೋ ಕಾಂಪ್ಲೆಕ್ಸಿನಿಂದ
ಟೆಂಪೊದಲ್ಲಿ ಮಲಗಿಸಿಕೊಂಡು ತಂದರು ಅದನ್ನು,
ಮೇಲೊಂದು ಗೋಣಿಚೀಲ ಹೊದಿಸಿ.
ದಪ್ಪ ತಗಡು, ಎರಡು ಮುಚ್ಚಳ:
ಒಂದು ತೆರೆದರೆ ಇನ್ನೊಂದು ಮುಚ್ಚಲೇಬೇಕು.
"ಎರಡೂ ಒಟ್ಟಿಗೆ ತೆಗೆಯಕ್ಕೆ ಆಗಲ್ಲ ಮೇಡಂ,
ಮಾಡಿದ ನನಗೇ ಆಗಲ್ಲ" ಎಂದರು,
ಬೆವರು ಒರೆಸಿ, ತಮ್ಮ ಕೆಲಸಕ್ಕೆ ತಾವೇ ತಲೆದೂಗಿ.

ಅದಕ್ಕೂ ಮೊದಲು
ಮೆಗ್ಗಾನ್ ಆಸ್ಪತ್ರೆ ಎದುರು ನಮ್ಮದೊಂದು ಬರೀ ಕೌಂಟರು.
ಈಚೆಗೆ ನನ್ನ ಮೊಣಕೈ, ಆಚೆಗೆ ಊರಿನ ಮೊಣಕೈ.
ಮಾಘದ ಒಂದು ರಾತ್ರಿ, ಎರಡೂಕಾಲು ಗಂಟೆ,
ಹೆಲ್ಮೆಟ್ ತೆಗೆಯದ ಇಬ್ಬರು, ಒಡೆದ ಬಿಯರ್ ಬಾಟಲಿ.
ಹೋದದ್ದು ನಾಲ್ಕು ಸಾವಿರ ಚಿಲ್ಲರೆ,
ಒಂದು ಡಬ್ಬ ನಿದ್ದೆ ಮಾತ್ರೆ, ನನ್ನ ನಿದ್ದೆ.
ಷಡಾಕ್ಷರಪ್ಪನವರು ಮೊದಲು ಸಿಸಿಟಿವಿ ನೋಡಿದರು,
ಆಮೇಲೆ ನನ್ನ ಕೈ ನೋಡಿದರು.
"ಜೀವ ದೊಡ್ಡದು, ಜೆಸಿಂತಾ."
ವಾರದೊಳಗೆ ಗಾಜು ಸೂರಿನ ತನಕ ಎದ್ದಿತು.

ಅಂದಿನಿಂದ ನನಗೆ ರಾತ್ರಿ ಖಾನೆಯಲ್ಲೇ ಬರುತ್ತದೆ.
ಖಾಲಿ ದೂಡುತ್ತೇನೆ. ಸೆಳೆದಾಗ
ಮಡಿಚಿ ಮಡಿಚಿ ಕಡ್ಡಿಪೆಟ್ಟಿಗೆಯಷ್ಟಾದ ಚೀಟಿ,
ರವಿಕೆಯ ಬಿಸಿ ಇನ್ನೂ ಆರದ ನೂರರ ನೋಟು,
ಎಲೆಯಡಿಕೆಯ ಕರೆ ಹತ್ತಿದ ನಾಣ್ಯ,
ಹೆಸರು ಓದಲು ಬಾರದವರು ಮಾದರಿಗೆಂದು ಇಟ್ಟ ಖಾಲಿ ಇನ್ಹೇಲರು.
ಒಮ್ಮೆ, ಒಂದೇ ಒಂದು ಕಿವಿಯ ಓಲೆ.
"ಬೆಳಿಗ್ಗೆ ಬಂದು ಬಿಡಿಸ್ಕೊಳ್ತೀನಿ" ಎಂದಿತು ಮೈಕಿನ ಜಾಲರಿ.
ಸಿರಪ್ಪಿನ ಜೊತೆ ಓಲೆಯನ್ನೂ ವಾಪಸ್ ದೂಡಿದೆ.
ಲೆಕ್ಕದಲ್ಲಿ ಬರೆದೆ: ಒಡೆದ ಬಾಟಲಿ, ಒಂದು.

ಭಯ ಹೋಯಿತು, ಸುಳ್ಳಲ್ಲ.
ಆದರೆ ಮೊದಲೆಲ್ಲ ಚಿಲ್ಲರೆ ಎಣಿಸುವಾಗ
ಬೆರಳಿಗೆ ಬೆರಳು ತಾಗಿ
ಯಾರಿಗೆ ಜ್ವರ ಎಂದು ಚೀಟಿ ನೋಡದೆ ತಿಳಿಯುತ್ತಿತ್ತು.
ಈಗ ಜ್ವರ ಇರುವುದು ನಾಣ್ಯಕ್ಕೆ,
ಅದೂ ಸ್ವಲ್ಪ ಹೊತ್ತು.

ಮೊನ್ನೆ ಖಾನೆ ನಡುದಾರಿಯಲ್ಲಿ ಸಿಕ್ಕಿಕೊಂಡಿತು.
ಒಳಗೂ ಇಲ್ಲ, ಹೊರಗೂ ಇಲ್ಲ,
ಇಂಜೆಕ್ಷನ್ನಿನ ಡಬ್ಬಿ ಅದರ ಹೊಟ್ಟೆಯಲ್ಲಿ.
ಗಾಜಿನಾಚೆ ಒಬ್ಬಳ ಹಣೆ, ಅದರ ಕೆಳಗೆ ಕಣ್ಣು.
ಅಷ್ಟೇ ಕಾಣುವುದು.
ನಾನು ಬೇರೆ ಡಬ್ಬಿ ತೆಗೆದು, ಸ್ಪ್ಯಾನರ್ ಹಿಡಿದು,
ಮಾಲೀಕರ ಮಾತಿಗೆ ಬೀಗ ತೆಗೆದು
ಹಿಂಬಾಗಿಲಿನಿಂದ ಸುತ್ತಿ ಬಂದೆ.

ಖಾನೆಯ ಕೆಳಗೆ ಒಂದು ಜಂಬಿಟ್ಟಿಗೆ.
ಅದರ ಮೇಲೆ ಅವಳು, ತುದಿಗಾಲಲ್ಲಿ.

ಆರಡಿ ಆಳು ಇನಾಯತ್ ಸಾಬರು,
ತಮ್ಮ ಎದೆಗೇ ಅಳತೆ ಹಿಡಿದಿದ್ದರು.
ಎರಡು ವರ್ಷ ನಾನು ಮುಖ ಎಂದು ಕಂಡದ್ದೆಲ್ಲ
ಕಲ್ಲು ಹತ್ತಿ ನಿಂತದ್ದು.
ಹತ್ತಲಾರದವರು ಬಂದರೋ, ಹಾಗೇ ಹೋದರೋ,
ಸಿಸಿಟಿವಿಯಲ್ಲೂ ಇಲ್ಲ.

"ಯಾರು ತಂದಿಟ್ಟಿದ್ದು?"
"ಗೊತ್ತಿಲ್ಲಕ್ಕಾ. ನಾವು ಬಂದು ಹದಿನೆಂಟು ದಿನ ಆಯ್ತು,
ಆಗ್ಲೇ ಇತ್ತು.
ಕಸ ಗುಡಿಸೋರು ಬೆಳಿಗ್ಗೆ ಚರಂಡಿ ಬದಿಗೆ ಸರಿಸ್ತಾರೆ,
ಕತ್ತಲಾದ್ಮೇಲೆ ಯಾರಾದ್ರೂ ಎಳೀತಾರೆ.
ನಾನೂ ಎಳ್ದಿದೀನಿ."
ಕಾಲಿನಿಂದ ಒಮ್ಮೆ ಸವರಿದಳು,
"ನಮ್ಮ ಹೊಸನಗರದ ಕಡೆ ಕಲ್ಲು ಇದು."
ನಡು ಸವೆದು ಹಳೆಯ ಒರಳಿನಂತಾಗಿತ್ತು.

ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ.
ಚಿಲ್ಲರೆ ಎಣಿಸಿದೆ, ಒಂದೊಂದೇ, ಅಂಗೈಗೆ.
ತಣ್ಣಗಿತ್ತು ಅವಳ ಕೈ, ನಲ್ಲಿಯ ನೀರಿನ ಹಾಗೆ.
"ಕೈ ಸುಡ್ತಿದೆಯಲ್ಲಕ್ಕಾ ನಿಮ್ದು,
ಏನಾದ್ರೂ ತಗೊಂಡ್ರಾ?"
ಎಂದು ಕೇಳಿ, ಉತ್ತರಕ್ಕೆ ಕಾಯದೆ
ವಾರ್ಡಿನ ಕಡೆ ಓಡಿದಳು.

ಒಳಗೆ ಬಂದು ಎರಡೂ ಚಿಲಕ ಹಾಕಿ
ಥರ್ಮಾಮೀಟರ್ ಇಟ್ಟುಕೊಂಡೆ. ನೂರಾ ಒಂದು.
ಹತ್ತು ಮಾತ್ರೆಯ ಪಟ್ಟಿ, ಹದಿನೈದು ರೂಪಾಯಿ.
ಖಾನೆ ಸರಿಹೋಯಿತೇ ನೋಡೋಣವೆಂದು
ದುಡ್ಡನ್ನು ಅದರೊಳಗಿಟ್ಟು ಹೊರಗೆ ದೂಡಿ,
ಒಂದು ಗಳಿಗೆ ಬಿಟ್ಟು,
ಎಳೆದುಕೊಂಡೆ.