ಬೆಸುಗೆಯ ಮೇಲೆ ಬೆಸುಗೆ

ಅಬಾನೋ ಘಟ್ಟದ ಯಾವುದೋ ತಿರುವಿನಲ್ಲಿ
ಒಂದು ಕಲ್ಲು ಕೆಳಗಿನಿಂದ ಬಡಿಯಿತು, ಅಷ್ಟೆ.
ಹಿಂದಿನ ಸೀಟಿನ ಪೋಲೆಂಡಿನ ಜೋಡಿ
ಬಾಂಬೇನೋ ಎಂದು ತಲೆ ತಗ್ಗಿಸಿತು.
ಅಂದಿನಿಂದ ನನ್ನ ಡೆಲಿಕಾ
ಗಂಟಲು ಕೆಟ್ಟ ಗೂಳಿ.

ತಿಬಿಲಿಸಿಯಲ್ಲಿ ಸೈಲೆನ್ಸರ್ ಕೆಟ್ಟರೆ
ಎಲ್ಲರೂ ಬೆರಳು ತೋರುವುದು ಎಲಿಯಾವಾ ಸಂತೆಗೆ.
ಮೊದಲು ಸಿಕ್ಕವನು ಜುಂಬೇರ್.
ಗಾಡಿಯಡಿ ಅರೆಗಳಿಗೆ ಬಗ್ಗಿ ಎದ್ದವನೇ
"ಕ್ಯಾಟಲಿಸ್ಟ್ ಡಬ್ಬಿ ನನಗೆ ಬಿಡು, ಕೆಲಸ ಪುಕ್ಕಟೆ" ಎಂದ.
ಆ ಡಬ್ಬಿಯೊಳಗೆ ಚಿಟಿಕೆ ಪ್ಲಾಟಿನಂ ಇದೆಯೆಂದು
ಸಂತೆಯ ನಾಯಿಗಳಿಗೂ ಗೊತ್ತು.
ಬಿಡಲಿಲ್ಲ. ಮುಖ ಊದಿಸಿಕೊಂಡೇ ಬೆಸೆದ.
ಹದಿನೇಳು ದಿನ ಬಂತು.

ಎರಡನೆಯವನದು ಗಾಜಿನ ಬಾಗಿಲು, ಕಾಫಿ ಯಂತ್ರ,
ಗೋಡೆ ತುಂಬ ರೇಸ್ ಕಾರುಗಳು.
ಮುರಿದಲ್ಲಿ ಹೊಸ ತುಂಡು ಬಗ್ಗಿಸಿ ಸೇರಿಸಿದ;
ಬಾಗಿದ ಕಡೆ ಅದು ಹಿಂಡಿ ಎಸೆದ ಹಾಲಿನ ಪೊಟ್ಟಣದಂತೆ ಚಪ್ಪಟೆ.
"ದನಿ ಗಂಭೀರವಾಗಿದೆಯಲ್ಲ?" ಎಂದ.
ಏರಿನಲ್ಲಿ ಗಾಡಿಗೆ ಉಬ್ಬಸ.

ಮೂರನೆಯವನು ಭಾವಮೈದುನನ ಗೆಳೆಯ.
ಅವನ ವಿಷಯ ಬೇಡ, ಮನೆಮಾತು.

ಆಮೇಲೊಂದು ಸಂಜೆ, ಕೆಂಪು ದೀಪದಲ್ಲಿ
ಪಕ್ಕಕ್ಕೆ ಬಂದು ನಿಂತದ್ದು ಶವದ ಗಾಡಿ.
ಹಳೆಯದು, ನನ್ನದಕ್ಕಿಂತ ಹಳೆಯದು.
ಎಂಜಿನ್ ಆರಿದೆಯೋ ಉರಿಯುತ್ತಿದೆಯೋ ತಿಳಿಯದಷ್ಟು ಮೆತ್ತಗೆ.
ಗಾಜು ಇಳಿಸಿ ಕೂಗಿದೆ: "ಯಾರ ಕೈ?"
ಚಾಲಕ ಹಿಂದೆ ಮಲಗಿದವನ ಕಡೆ ತಿರುಗಿ ನೋಡಿ,
ಅವನ ನಿದ್ದೆ ಕೆಟ್ಟೀತೆಂಬಂತೆ, ಪಿಸುಗುಟ್ಟಿದ:
"ಓತಿಯಾ. ಟೈರಿನ ಸಾಲು ದಾಟಿದರೆ
ನೀಲಿ ತಗಡಿನ ಬಾಗಿಲು. ಬೋರ್ಡಿಲ್ಲ."

ಓತಿಯಾ ಬಗ್ಗಿ ನೋಡಲಿಲ್ಲ.
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, ಏರಿ ಕೂತು,
"ರೇಡಿಯೋ ಆರಿಸು" ಎಂದ.
ಆಮೆ ಕೆರೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತಿಸಿದ,
ಇಳಿಸಿದ, ಮತ್ತೆ ಹತ್ತಿಸಿದ.
ತುಟಿ ಬಿಚ್ಚಲಿಲ್ಲ.
ಅಂಗಡಿಗೆ ಮರಳಿದ ಮೇಲೆ ಗಾಡಿಯಡಿ ತೂರಿ
ಬೆರಳಿನಲ್ಲಿ ಗಂಟು ಎಣಿಸಿದ: ಒಂದು, ಎರಡು, ಮೂರು.
"ಮೂರು ಸಲವೂ ಒಂದೇ ಜಾಗ.
ಯಾಕೆ ಒಂದೇ ಜಾಗ ಅಂತ
ಒಬ್ಬನಿಗೂ ಅನ್ನಿಸಲಿಲ್ಲವಾ?"

ಸೀಟು ಎತ್ತಿದ; ಅದರ ಕೆಳಗೇ ಎಂಜಿನ್.
"ಬ್ರೇಕ್ ಒತ್ತಿ ಗೇರ್ ಹಾಕು."
ಹಾಕಿದೆ. ಎಂಜಿನ್
ನಿದ್ದೆಯಲ್ಲಿ ಬೆಚ್ಚಿದ ಮಗುವಿನಂತೆ ಎಗರಿತು.
"ಅದು ಕೂತ ರಬ್ಬರು ಸತ್ತು ವರ್ಷವಾಗಿದೆ.
ಮೇಲೆ ಅದು ಕುಣಿದರೆ ಕೆಳಗೆ ಕೊಳವೆ
ಮುರಿಯದೆ ಇನ್ನೇನು ಮಾಡೀತು?"
"ಮತ್ತೆ ಆ ಕಲ್ಲು?"
"ಪಾಪ, ಕಲ್ಲು."

ಮೊದಲು ರಬ್ಬರು ಬದಲಿಸಿದ. ಮರುದಿನ
ಕೊಳವೆಗೆ ಒಣ ಮರಳು ತುಂಬಿ,
ಎರಡೂ ಬಾಯಿಗೆ ಮರದ ಬಿರಡೆ ಜಡಿದು,
ಕೆಂಪಗೆ ಕಾಸಿ, ಕೂಸಿನ ಕೈಯನ್ನು
ಅಂಗಿಯ ತೋಳಿಗೆ ತೂರಿಸುವವನ ಹಾಗೆ
ಮೆಲ್ಲಗೆ ಬಗ್ಗಿಸಿದ. ಎಲ್ಲೂ ಚಪ್ಪಟೆಯಾಗಲಿಲ್ಲ.
ಬಿರಡೆ ತೆಗೆದಾಗ ಸುರಿದ ಮರಳನ್ನು
ಮರಿಗೆಗೆ ಗುಡಿಸಿ ಇಟ್ಟುಕೊಂಡ.
ಇಪ್ಪತ್ತು ವರ್ಷದಿಂದ ಅದೇ ಮರಳಂತೆ.
ಕ್ಯಾಟಲಿಸ್ಟ್ ಡಬ್ಬಿಯ ಸುದ್ದಿ ಎತ್ತಲೇ ಇಲ್ಲ;
ನಾನೇ ಎತ್ತಿದ್ದಕ್ಕೆ, "ಅದು ಅದರ ಜಾಗದಲ್ಲಿದೆ" ಎಂದ.

ಮನೆಯದು ಬೇರೆ ಕಥೆ.
ಐದನೇ ಮಹಡಿಯಲ್ಲಿ ನಾಜಿಬ್ರೋಲಾ
ಇಷ್ಟು ದಿನ ನಾನು ಸೇತುವೆ ಹತ್ತಿದ ಸದ್ದು ಕೇಳಿ
ಬೀನ್ಸಿನ ಗಡಿಗೆ ಒಲೆಗಿಡುತ್ತಿದ್ದಳು.
ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹಬೆ.
ಅವತ್ತು ಬಾಗಿಲು ತೆಗೆದರೆ ಗಡಿಗೆ ತಣ್ಣಗೆ,
ಅವಳು ತಲೆಗೆ ಬಣ್ಣ ಬಳಿದುಕೊಂಡು
ಕಿಟಕಿಯ ಬಳಿ ಕೂತು ಕಿರುಚಿದಳು:
"ಕಳ್ಳನ ಹಾಗೆ ಬರೋದಾ ಮನೆಗೆ?"
ಮರಳು, ರಬ್ಬರು, ಶವದ ಗಾಡಿ
ಎಲ್ಲ ಹೇಳಿದೆ. ಅರ್ಧ ಕೇಳಿಸಿಕೊಂಡಳು.

ಈಗ ಸೇತುವೆ ಮೇಲೆ ಎರಡು ಸಲ ಹಾರ್ನ್
ಎಂದು ತೀರ್ಮಾನವಾಗಿದೆ.
ಕೆಳಮನೆಯ ಎತೇರಿ ನಿನ್ನೆ ಮೆಟ್ಟಿಲಲ್ಲಿ
ಅಡ್ಡ ನಿಂತು ಕೇಳಿದಳು,
"ಅಷ್ಟು ಒಳ್ಳೆ ಕೆಲಸಗಾರ ಸಿಕ್ಕಿದ್ದನಲ್ಲ,
ಆ ಹಾರ್ನೂ ತೋರಿಸಬಾರದಿತ್ತಾ?"